ಕೇಳಿದವರ ಸಾಕ್ಷ್ಯ: ಜನಪದ ಗೀತಮೇಳಗಳನ್ನು ಕುರಿತ ಶ್ರೋತೃಗಳ ಬರೆಹ

ಜನಪದ ಗೀತಗಳ ಸಂಗ್ರಹ, ಅವುಗಳ ಛಂದಸ್ಸು, ಅವುಗಳಲ್ಲಿ ಕಾಣುವ ಸಮಾಜಜೀವನ ಇವುಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರೆಹ ಅಲ್ಪವೇನಲ್ಲ. ಹಾಡಿದವರನ್ನು ಕುರಿತೂ ಈಚೆಗೆ ಒಂದಿಷ್ಟು ವಿವರಗಳು ದೊರೆಯುತ್ತಿವೆ. ಆದರೆ ಕೇಳಿದವರ ವಿಷಯ? ಒಂದು ಹಾಡನ್ನು ಯಾರು, ಎಲ್ಲಿ, ಎಂಥ ಸಂದರ್ಭದಲ್ಲಿ ಕೇಳಿದರು, ಕೇಳಿ ಏನೆಂದರು ಎಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಬದಿಗಿರಿಸಿದ್ದಾರೆ. ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇದು ಸಣ್ಣ ಲೋಪವಾಗಿ ತೋರುವುದಿಲ್ಲ. ಶಾಸನವೊಂದನ್ನು ಓದುವಾಗ ಅದು ನಿಂತಿದ್ದ ಸ್ಥಳವಾವುದೆಂದು ಕೇಳದೆ ನಾವು ಮುಂದುವರಿಯುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ಆ ಎಚ್ಚರವನ್ನು ಬಿಟ್ಟುಕೊಡುವುದೇಕೆ?

ಪ್ರಕೃತ ಲೇಖನಕ್ಕೆ ಆಧಾರವಾದ ಸಾಮಗ್ರಿ ತೀರ ಸಾಮಾನ್ಯವಾದುದು. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮೇಲೆ, ಬ್ಯಾಡರಹಳ್ಳಿಯಿದೆ. ಬೇಡರ ಹಳ್ಳಿಯೆಂಬುದರ ಆಡುರೂಪವೇ ಈ ಹೆಸರೆಂದು ತೋರುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿನ ಗ್ರಾಮವಾಗಿದ್ದ ಈ ಊರಿನಲ್ಲಿ ಇಂದು ಮಾಗಡಿ, ಕುಣಿಗಲು, ಮಂಡ್ಯ, ಚಾಮರಾಜನಗರದ ಕಡೆಯವರೂ ಹಾವೇರಿ, ಗದಗುಗಳ ಕಡೆಯವರೂ ಒಂದೇ ಬೀದಿಯಲ್ಲಿ ಬಾಡಿಗೆಯ ಮನೆಗಳನ್ನು ಹಿಡಿದು ನೆಲಸಿದ್ದಾರೆ. ನವೆಂಬರು ಬಂತೆಂದರೆ ನಗರದ ಇತರ ಬಡಾವಣೆಗಳಂತೆ ಇಲ್ಲಿಯೂ ರಾಜ್ಯೋತ್ಸವದ ವೇದಿಕೆಗಳು ಏಳುತ್ತವೆ. ಧ್ವಜಾರೋಹಣ, ಭಾಷಣ, ಸನ್ಮಾನಗಳ ತರುವಾಯ ವಾದ್ಯಗೋಷ್ಠಿಯವರ ಹಾಡುಗಾರಿಕೆ ನಡೆಯುತ್ತದೆ. ಅಂಥ ಒಂದು ಸಂಜೆಗೆ ಹೋಗಿದ್ದ ನಮ್ಮ ವಿದ್ಯಾರ್ಥಿಗಳಿಗೆ, ಕೇಳಿದ್ದನ್ನು ಮರುದಿನವೇ ಬರೆದು ತರುವಂತೆ ಹೇಳಿದೆವು. ಇಂತಿಷ್ಟೇ ಬರೆಯಬೇಕು, ಹೀಗೆಯೇ ಬರೆಯಬೇಕು ಎಂಬ ಕಟ್ಟುಪಾಡನ್ನು ಬುದ್ಧಿಪೂರ್ವಕವಾಗಿಯೇ ಹಾಕಲಿಲ್ಲ. ಹಾಗೆ ಬಂದ ಬರೆಹಗಳ ಪರಿಶೀಲನೆಯೇ ಈ ಲೇಖನದ ಉದ್ದೇಶ.

ಮೊದಲು ಕಣ್ಣಿಗೆ ಬೀಳುವುದು ಇವುಗಳ ಉತ್ಸಾಹ. ಮೈಮರೆತೆವು, ರೋಮಾಂಚನವಾಯಿತು, ಕಾಲು ತಾನಾಗಿ ಕುಣಿಯಿತು ಎಂಬ ಮಾತುಗಳು ಪುಟಪುಟದಲ್ಲಿಯೂ ಇವೆ. ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಮೈಮರೆಯದವನು ಹಾಡನ್ನು ಕೇಳಲು ಹೋಗುವುದಾದರೂ ಏತಕ್ಕೆ? ಆದರೆ ಈ ಬರೆಹಗಳಲ್ಲಿ ಹಲವನ್ನು ಓದಿ ಮುಗಿಸಿದ ಮೇಲೂ ಆ ಸಂಜೆ ಯಾವ ಹಾಡನ್ನು ಹಾಡಿದರು, ಎಷ್ಟು ಜನ ಹಾಡಿದರು, ಯಾವ ವಾದ್ಯಗಳಿದ್ದವು ಎಂಬುದು ತಿಳಿಯದು. ಜನಜಂಗುಳಿಯ ವರ್ಣನೆಯಿದೆ, ದೀಪಗಳ ವರ್ಣನೆಯಿದೆ, ಹಾಡೇ ಇಲ್ಲ. ಇದು ವಿದ್ಯಾರ್ಥಿಗಳ ದೋಷವೆಂದಷ್ಟೇ ತಿಳಿಯಬಾರದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು ನಡೆಸಿದ ‘ಕನ್ನಡವೇ ಸತ್ಯ’ ಗಾಯನವನ್ನು ಕೇಳಿದ ಹಿರಿಯರನ್ನು ಮಾತಿಗೆ ಎಳೆದು ನೋಡಿದರೆ ಅವರೂ ಮೊದಲು ಹೇಳುವುದು ಸೇರಿದ್ದ ಜನರ ಲೆಕ್ಕವನ್ನೇ. ಯಾವ ಗೀತದ ನಂತರ ಯಾವುದು ಬಂತು, ಜನ ಎಲ್ಲಿ ದನಿಗೂಡಿಸಿದರು, ಎಲ್ಲಿ ಮೌನವಾದರು ಎಂಬುದನ್ನು ಎರಡನೆಯ ಮೂರನೆಯ ಪ್ರಶ್ನೆಗೆ ನೆನೆದು ಹೇಳುವವರು ಕೆಲವರು ಮಾತ್ರ.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ಆ ಸಂಜೆ ಶಿಶುನಾಳ ಶರೀಫರ ಒಂದು ಪದವನ್ನು ಹಾಡಿದರಂತೆ. ವಾದ್ಯಗೋಷ್ಠಿಯವರಲ್ಲಿ ಉತ್ತರದ ಕಡೆಯ ಗಾಯಕನೊಬ್ಬನಿದ್ದು ತನ್ನೂರಿನ ಭಜನೆಯ ಧಾಟಿಯಲ್ಲಿ, ನಿಧಾನವಾಗಿ ಎತ್ತಿಕೊಂಡನೆಂದು ತಿಳಿಯುತ್ತದೆ. ನಮ್ಮ ಬರೆಹಗಾರರಲ್ಲಿ ಹೆಚ್ಚಿನವರು ಇದನ್ನು ಮೆಚ್ಚಲಿಲ್ಲ. ರಾಗ ತಪ್ಪಿತು, ಮೂಲದಂತೆ ಹಾಡಲಿಲ್ಲ ಎಂಬುದು ಅವರ ಆಕ್ಷೇಪ. ಇಲ್ಲಿ ಮೂಲವೆಂದರೆ ಯಾವುದು? ಶರೀಫರು 1819ರಿಂದ 1889ರವರೆಗೆ ಬದುಕಿದವರು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಕಂಠವನ್ನು ಕೇಳಿದವರು ಇಂದು ಇಲ್ಲ, ಅದನ್ನು ಹಿಡಿದಿಟ್ಟ ಯಂತ್ರವೂ ಇಲ್ಲ. ವಿದ್ಯಾರ್ಥಿಗಳು ಮೂಲವೆಂದು ಭಾವಿಸಿರುವುದು ಅಶ್ವತ್ಥರ (1939–2009) ಸ್ವರಸಂಯೋಜನೆಯನ್ನು, ಅದರಲ್ಲಿಯೂ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ನಾಡಿನ ಕಿವಿಯಲ್ಲಿ ನಿಂತ ರೂಪವನ್ನು. ಅಶ್ವತ್ಥರ ಸಾಧನೆಯನ್ನು ಕಿರಿದುಮಾಡುವುದು ನಮ್ಮ ಉದ್ದೇಶವಲ್ಲ. ಶರೀಫರ ಪದಗಳನ್ನು ಹಳೆಯ ಮೈಸೂರಿನ ಮನೆಮನೆಗೆ ಮುಟ್ಟಿಸಿದ ಶ್ರೇಯಸ್ಸಿನ ಬಹುಪಾಲು ಅವರಿಗೂ ಶಿವಮೊಗ್ಗ ಸುಬ್ಬಣ್ಣನವರಿಗೂ ಸಲ್ಲತಕ್ಕದ್ದು. ಅವರ ದನಿಯ ಎತ್ತರವನ್ನು ಕೇಳಿದವರು ಮರೆಯಲಾರರು. ಆದರೆ ಅವರ ಸಂಯೋಜನೆಗೆ ವಯಸ್ಸು ಅರ್ಧ ಶತಮಾನವೂ ಆಗಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದ ಧಾಟಿ ತಪ್ಪೆಂದೂ, ಮೊನ್ನೆಯ ಧ್ವನಿಸುರುಳಿ ಸರಿಯೆಂದೂ ತೀರ್ಪಾಗಿದೆ. ತೀರ್ಪು ಕೊಟ್ಟವರಿಗೆ ತಾವು ತೀರ್ಪು ಕೊಟ್ಟೆವೆಂಬ ಅರಿವೇ ಇಲ್ಲದಿರುವುದು ಇಲ್ಲಿ ಗಮನಾರ್ಹ.

ಮಲೆಯ ಮಾದೇಶ್ವರನ ಪದದ ವಿಷಯದಲ್ಲಿಯೂ ಹೀಗೆಯೇ. ‘ಸೋಜುಗಾದ ಸೂಜುಮಲ್ಲಿಗೆ’ ಎಂಬ ಗೀತ 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಬಂದ ಮೇಲೆ ಕಾಲೇಜಿನ ಹುಡುಗರೆಲ್ಲರ ನಾಲಗೆಯ ಮೇಲಿದೆ. ವೇದಿಕೆಯ ಗಾಯಕಿಯನ್ನು ಹೊಗಳಿದವರು ‘ಸಿನಿಮಾದಲ್ಲಿ ಇರುವ ಹಾಗೆಯೇ’ ಹಾಡಿದರೆಂದು ಹೊಗಳಿದ್ದಾರೆ. ಅದಕ್ಕಿಂತ ದೊಡ್ಡ ಪ್ರಶಂಸೆ ಅವರಿಗೆ ತಿಳಿಯದು. ಮಾದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರು ದೀಕ್ಷೆ ಪಡೆದವರು. ಕಂಸಾಳೆ ಅವರಿಗೆ ವಾದ್ಯ ಮಾತ್ರವಲ್ಲ, ಒಕ್ಕಲುತನದ ಕುರುಹು. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಶ್ರವಣದೊರೆಯ ಸಾಲು ಎಂದು ರಾತ್ರಿಯಿಡೀ ನಡೆಯುವ ಕಥನದ ನಡುವೆ ಬರುವ ಬಿಡಿ ಪದಗಳಿಗೆ ಅಲ್ಲಿ ತಮ್ಮದೇ ಆದ ಸ್ಥಾನವಿದೆ. ಇವಾವುದೂ ನಮ್ಮ ಬರೆಹಗಾರರ ಗಮನಕ್ಕೆ ಬಂದಿಲ್ಲ. ಗಾಯಕಿಯ ಹಿಂದೆ ಕಂಸಾಳೆ ಹಿಡಿದು ಇಬ್ಬರು ನಿಂತಿದ್ದರೆಂಬುದನ್ನು ಬರೆದವರೇ ಕೆಲವರು.

ಒಬ್ಬ ವಿದ್ಯಾರ್ಥಿನಿ ಮಾತ್ರ ಬೇರೊಂದು ದಾರಿ ಹಿಡಿದಳು. ಈಕೆ ಐರ್ಲೆಂಡು ಸ್ಕಾಟ್ಲೆಂಡುಗಳ ಕೆಲ್ಟಿಕ್ ಜನಪದ ಸಂಗೀತದ ಅಭಿಮಾನಿ. ಅಲ್ಲಿಯ ಮೇಳಗಳ ಧ್ವನಿಮುದ್ರಣಗಳನ್ನು ಮೊಬೈಲಿನಲ್ಲಿ ಬಿಡದೆ ಕೇಳುವವಳು. ಕಂಸಾಳೆಯ ಗತಿ ಅಲ್ಲಿಯ ಕುಣಿತದ ಗತ್ತುಗಳನ್ನು ನೆನಪಿಗೆ ತಂದಿತೆಂದೂ, ಜನಪದದ ಸಂಗೀತ ಎಲ್ಲೆಲ್ಲಿಯೂ ಒಂದೇ ಎಂದೂ ಬರೆದಿದ್ದಾಳೆ. ಈ ಬಗೆಯ ಹೋಲಿಕೆಯನ್ನು ನಾವು ಒಪ್ಪಲಾರೆವು. ಭಾಷೆಯರಿಯದೆ ಕೇಳಿದಾಗ ಉಳಿಯುವುದು ಗತಿ ಮಾತ್ರ. ಗತಿಯಷ್ಟನ್ನೇ ಹಿಡಿದರೆ ಲೋಕದ ಎಲ್ಲ ಹಾಡುಗಳೂ ನೆಂಟರಾಗಿ ಕಾಣುತ್ತವೆ. 2011ರಲ್ಲಿ ರಘು ದೀಕ್ಷಿತರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಮೈದಾನದಲ್ಲಿ ಹಾಡಿದಾಗ ಕನ್ನಡವರಿಯದ ಅಲ್ಲಿಯ ಕೇಳುಗರ ಸ್ಥಿತಿಯೂ ಇದೇ ಆಗಿದ್ದಿರಬೇಕು. ‘ಕೆಲ್ಟಿಕ್’ ಎಂಬ ಮಾತೂ ಎಚ್ಚರದಿಂದ ಬಳಸತಕ್ಕದ್ದು. ಅದು ಮೊದಲು ಭಾಷಾವರ್ಗದ ಹೆಸರು. ಐರಿಷ್, ಗೇಲಿಕ್, ವೆಲ್ಷ್, ಬ್ರೆಟನ್ ಮೊದಲಾದ ನುಡಿಗಳ ನಂಟನ್ನು ಎಡ್ವರ್ಡ್ ಲೂಯಿಡ್ 1707ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದ. ಬೇರೆ ಬೇರೆ ನಾಡುಗಳ ಹಾಡುಗಳನ್ನು ಆ ಹೆಸರಿನ ಕೆಳಗೆ ತಂದು ವೇದಿಕೆಗೂ ಮಾರುಕಟ್ಟೆಗೂ ಒದಗಿಸಿದ್ದು ಬಹು ಈಚಿನ ಸಂಗತಿ; ಗ್ಲಾಸ್ಗೊ ನಗರದ ಪ್ರಸಿದ್ಧ ಕೆಲ್ಟಿಕ್ ಉತ್ಸವ ಆರಂಭವಾದದ್ದು 1994ರಲ್ಲಿ. ನಮ್ಮ ವೇದಿಕೆಗಳ ‘ಜಾನಪದ’ವೆಂಬ ಹೆಸರಿನ ಕೆಳಗೆ ಶರೀಫರ ತತ್ತ್ವಪದವೂ ಮಾದೇಶ್ವರನ ಹರಕೆಯ ಪದವೂ ಸುಗ್ಗಿಯ ಹಾಡೂ ಒಟ್ಟಾಗಿ ಕುಳಿತಿರುವುದೂ ಇಂಥದೇ ವ್ಯವಸ್ಥೆ.

ಆದರೂ ಈ ವಿದ್ಯಾರ್ಥಿನಿಯ ಬರೆಹಕ್ಕೆ ನಾವು ಋಣಿಗಳು. ಹೋಲಿಸಬೇಕಾದುದು ಹಾಡುಗಳನ್ನಲ್ಲ, ಕೇಳುಗರನ್ನು ಎಂಬ ವಿಚಾರ ಅದರಿಂದಲೇ ಹೊಳೆಯಿತು. ಐರ್ಲೆಂಡಿನ ಜನಪದ ಸಂಗೀತದ ಚರಿತ್ರೆಯಲ್ಲಿ ಕೇಳುಗರ ಸಾಕ್ಷ್ಯ ಚೆನ್ನಾಗಿ ಉಳಿದುಬಂದಿರುವ ಒಂದು ಸಂದರ್ಭವಿದೆ. ಅದನ್ನು ಕೊಂಚ ವಿಸ್ತಾರವಾಗಿ ನೋಡುವುದು ಉಪಯುಕ್ತ.

1792ರ ಜುಲೈಯಲ್ಲಿ ಬೆಲ್‌ಫಾಸ್ಟ್ ನಗರದ ಕೆಲವು ಗಣ್ಯರು ಕೂಡಿ, ಅಳಿದುಹೋಗುತ್ತಿದ್ದ ಹಾರ್ಪ್ ವಾದಕರ ಸಮ್ಮೇಳನವೊಂದನ್ನು ಏರ್ಪಡಿಸಿದರು. ಹಾರ್ಪ್ ಎಂದರೆ ಬಿಲ್ಲಿನಾಕಾರದ ಚೌಕಟ್ಟಿನಲ್ಲಿ ತಂತಿಗಳನ್ನು ಬಿಗಿದ ಒಂದು ಬಗೆಯ ವೀಣೆ. ಬಂದವರು ಐರ್ಲೆಂಡಿನ ಹತ್ತು ಮಂದಿ, ವೇಲ್ಸಿನ ಒಬ್ಬ; ಹಲವರು ಕುರುಡರು, ಮುದುಕರು. ಡೆನಿಸ್ ಹೆಂಪ್ಸನ್ ಎಂಬಾತನಿಗೆ ತೊಂಬತ್ತು ದಾಟಿತ್ತು. ಉದ್ದವಾಗಿ ಬೆಳೆಸಿದ ಉಗುರುಗಳಿಂದ ಲೋಹದ ತಂತಿಗಳನ್ನು ಮೀಟುವ ಹಳೆಯ ಕ್ರಮವನ್ನು ಉಳಿಸಿಕೊಂಡಿದ್ದವನು ಅವನೊಬ್ಬನೇ. ನುಡಿಸಿದ್ದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ತರುಣನನ್ನು ನೇಮಿಸಿದ್ದರು. ಅದೇ ಸಭೆಯಲ್ಲಿ ಕೇಳುಗನಾಗಿ ಕುಳಿತಿದ್ದ ಇನ್ನೊಬ್ಬ ವೋಲ್ಫ್ ಟೋನ್. ಮುಂದೆ 1798ರ ಐರಿಷ್ ಬಂಡಾಯದ ನಾಯಕರಲ್ಲಿ ಒಬ್ಬನಾದವನು.

ಟೋನ್ ತನ್ನ ದಿನಚರಿಯಲ್ಲಿ ಬರೆದದ್ದು ಕೆಲವೇ ಸಾಲು, ಅದೂ ಬೇಸರದಿಂದ. ವಾದಕರಲ್ಲಿ ಏಳು ಮಂದಿ ಅತಿ ಕೆಟ್ಟವರೆಂದೂ, ಮೂವರು ವಾಸಿಯೆಂದೂ, ಆ ಮೂವರಲ್ಲಿ ಫ್ಯಾನಿಂಗ್ ಎಂಬವನು ಬಹಳ ಮೇಲೆಂದೂ, ಹೊಸದಾಗಿ ಕೇಳಿಬಂದದ್ದು ಏನೂ ಇಲ್ಲವೆಂದೂ ಅವನ ಅಭಿಪ್ರಾಯ. ಮತ್ತೊಮ್ಮೆ ಹೋಗಬೇಕಾಗಿ ಬಂದಾಗ ತಂತಿಗಳ ಸದ್ದನ್ನೇ ಶಪಿಸಿದ್ದಾನೆ. ದೇಶಾಭಿಮಾನಿಯೊಬ್ಬ ತನ್ನ ನಾಡಿನ ಪುರಾತನ ಕಲೆಯ ಬಗ್ಗೆ ಹೀಗೆ ಬರೆಯಬಹುದೇ ಎಂದು ಕೆಲವರಿಗೆ ತೋರಬಹುದು. ನಮಗೆ ಅವನ ಬರೆಹ ಬೆಲೆಯುಳ್ಳದ್ದು. ಎಷ್ಟು ಜನ ನುಡಿಸಿದರು, ಯಾರು ಮೇಲೆನಿಸಿದರು ಎಂಬುದನ್ನು ಅವನು ಹೇಳಿದ. ಫ್ಯಾನಿಂಗನಿಗೇ ಮೊದಲ ಬಹುಮಾನ ಬಂದದ್ದರಿಂದ ಅವನ ಕಿವಿಯೂ ತೀರ್ಪುಗಾರರ ಕಿವಿಯೂ ಒಂದೇ ಆಗಿತ್ತೆಂದು ತಿಳಿಯುತ್ತದೆ. ಸಭ್ಯತೆಗಾಗಿ ನಾಲ್ಕು ಹೊಗಳಿಕೆಯ ಮಾತುಗಳನ್ನು ಬರೆದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಬಂಟಿಂಗನ ಸಾಕ್ಷ್ಯ ಇದಕ್ಕೆ ವಿರುದ್ಧವಾದುದು. ಫ್ಯಾನಿಂಗ್ ಅವರಲ್ಲಿ ಶ್ರೇಷ್ಠನಾಗಿರಲಿಲ್ಲವೆಂದು ಅವನು 1840ರ ಸಂಪುಟದಲ್ಲಿ ಬರೆದ. ಅಂದಿನ ತರುಣರು ಪಿಯಾನೋ ಮೇಲೆ ನುಡಿಸಲು ಬಯಸುತ್ತಿದ್ದ ಜನಪ್ರಿಯ ಮಟ್ಟೊಂದನ್ನು ಹೊಸ ಬಗೆಯ ಅಲಂಕಾರಗಳೊಂದಿಗೆ ನುಡಿಸಿ ಆತ ಬಹುಮಾನ ಗೆದ್ದನೆಂದು ಬಂಟಿಂಗ್ ಕಾರಣವನ್ನೂ ಕೊಟ್ಟಿದ್ದಾನೆ. ವಾಚಕರು ಈ ಮಾತನ್ನು ಬ್ಯಾಡರಹಳ್ಳಿಯ ವೇದಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕೇಳುಗರ ಕಿವಿಯನ್ನು ತಿದ್ದಿದ್ದು ಮನೆಯ ಪಿಯಾನೋ. ಇಲ್ಲಿ ಧ್ವನಿಸುರುಳಿ, ಸಿನಿಮಾ, ಮೊಬೈಲು. ಹಳೆಯ ಕ್ರಮವನ್ನು ಕೇಳಲೆಂದೇ ಕೂಡಿದ ಸಭೆ, ಅದು ಎದುರಿಗೆ ಬಂದು ಕುಳಿತಾಗ, ತನಗೆ ಮೊದಲೇ ಪರಿಚಿತವಾದ ಹೊಸ ರೂಪಕ್ಕೆ ಬಹುಮಾನ ಕೊಟ್ಟಿತು. ಉಗುರಿನಿಂದ ಮೀಟಿದ ಹೆಂಪ್ಸನ್ನನಿಗೆ ಆ ಮೊದಲ ಬಹುಮಾನ ದಕ್ಕಲಿಲ್ಲ.

ಬಂಟಿಂಗನನ್ನೂ ನಾವು ಪೂರ್ಣವಾಗಿ ನಂಬುವಂತಿಲ್ಲ. ಘಟನೆ ನಡೆದು ನಲವತ್ತೆಂಟು ವರ್ಷಗಳ ಮೇಲೆ ಅವನು ಹೀಗೆ ಬರೆದದ್ದು. ಅಲ್ಲದೆ, ಪಿಯಾನೋದ ಪ್ರಭಾವವನ್ನು ದೂರಿದ ಅದೇ ಬಂಟಿಂಗ್ ತಾನು ಸಂಗ್ರಹಿಸಿದ ಮಟ್ಟುಗಳನ್ನು 1796ರಿಂದ ಮುಂದಕ್ಕೆ ಅಚ್ಚಿಗೆ ಕೊಟ್ಟದ್ದು ಪಿಯಾನೋಗೆ ಒಗ್ಗುವಂತೆ ಬದಲಿಸಿಯೇ. 1802ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬವನು ಅವನಿಗಾಗಿ ಹಳ್ಳಿಗಳನ್ನು ಅಲೆದು ಹಾಡುಗಳ ಐರಿಷ್ ಸಾಹಿತ್ಯವನ್ನು ಬರೆದು ತಂದ. ಅದು ಬಂಟಿಂಗನ ಸಂಪುಟಗಳಲ್ಲಿ ಅಚ್ಚಾಗದೆ ಉಳಿಯಿತು. ಷಾರ್ಲಟ್ ಮಿಲಿಗನ್ ಫಾಕ್ಸ್ ಎಂಬಾಕೆ ಬಂಟಿಂಗನ ಹಸ್ತಪ್ರತಿಗಳನ್ನು ಹುಡುಕಿ 1911ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ವಿದ್ವಾಂಸರ ಗಮನ ಅಚ್ಚಿನ ಪುಟದಿಂದ ಆ ಕರಡುಗಳ ಕಡೆಗೆ ತಿರುಗಿದ್ದು. ಕೇಳಿದ ಕ್ಷಣಕ್ಕೆ ಹತ್ತಿರವಾಗಿದ್ದವು ಕರಡುಗಳೇ.

ಅಲ್ಲಿ ಮಟ್ಟು ಅಚ್ಚಾಯಿತು, ಮಾತು ಉಳಿಯಿತು. ನಮ್ಮಲ್ಲಿ ನಡೆದದ್ದು ಇದರ ತಿರುಗುಮುರುಗು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಕನ್ನಡಕ್ಕೆ ಮಾಡಿದ ಉಪಕಾರ ಅಳತೆಗೆ ಸಿಕ್ಕುವುದಲ್ಲ. ಆದರೆ ಪುಸ್ತಕದಲ್ಲಿ ತ್ರಿಪದಿ ಮೂರು ಸಾಲಾಗಿ ನಿಲ್ಲುತ್ತದೆ. ಬೀಸುವ ಕಲ್ಲಿನ ಮುಂದೆ ಅದು ಮೂರು ಸಾಲಲ್ಲ. ಎರಡನೆಯ ಸಾಲಿನ ಭಾಗ ಮರಳಿ ಬರುತ್ತದೆ, ಸೊಲ್ಲು ಸೇರುತ್ತದೆ, ಇನ್ನೊಬ್ಬಳು ದನಿ ಎತ್ತಿಕೊಳ್ಳುತ್ತಾಳೆ. ಪುಸ್ತಕವನ್ನಷ್ಟೇ ಓದಿದವನಿಗೆ ಅದು ಕವಿತೆ; ಕೇಳಿದವನಿಗೆ ಅದು ಕೆಲಸದ ಜೊತೆಗಿನ ಉಸಿರು. ಆಗ ಅಡುಗೆಮನೆಯ ಪಕ್ಕದಲ್ಲಿ ಮಲಗಿದ್ದ ಮಗುವೊಂದು ದೊಡ್ಡದಾಗಿ, ತಾನು ನಸುಕಿನಲ್ಲಿ ಕೇಳಿದ್ದನ್ನು ಸಾವಧಾನವಾಗಿ ಬರೆದಿಟ್ಟಿದ್ದರೆ ಅದು ನಮಗೆ ಎಂಥ ಆಕರವಾಗುತ್ತಿತ್ತು! ಬೀಸುವ ಕಲ್ಲು ನಿಂತುಹೋಯಿತು, ಅದನ್ನು ಕೇಳಿದ ತಲೆಮಾರೂ ಈಗ ಕೊನೆಯ ಅಂಚಿನಲ್ಲಿದೆ.

ಕೆಲವು ಅಧ್ಯಾಪಕ ಮಿತ್ರರು ಇದಕ್ಕೊಂದು ಆಕ್ಷೇಪ ಎತ್ತುತ್ತಾರೆ. ಈಗ ಎಲ್ಲವೂ ಮೊಬೈಲಿನಲ್ಲಿ ಮುದ್ರಿತವಾಗುತ್ತದೆ, ಕೇಳುಗನ ಬರೆಹ ಏಕೆ ಬೇಕು ಎಂದು. ಯಂತ್ರ ವೇದಿಕೆಯ ಕಡೆಗೆ ಮುಖಮಾಡಿರುತ್ತದೆ. ಹಿಂದಿನ ಸಾಲಿನಲ್ಲಿ ಯಾರು ಎದ್ದುಹೋದರು, ಯಾರು ತುಟಿಯಲ್ಲಿಯೇ ಬೇರೊಂದು ಪಾಠವನ್ನು ಹಾಡಿಕೊಂಡರು ಎಂಬುದನ್ನು ಅದು ಕಾಣದು. ನಮ್ಮ ವಿದ್ಯಾರ್ಥಿಗಳೂ ಅಂದು ಸಾಕಷ್ಟು ಚಿತ್ರೀಕರಿಸಿದ್ದರು, ನೋಡಿದೆವು. ಧ್ವನಿವರ್ಧಕದ ಅಬ್ಬರದಲ್ಲಿ ಕಂಸಾಳೆಯ ಸದ್ದು ಒಂದರಲ್ಲಿಯೂ ಬಿಡಿಸಿ ಕೇಳುವುದಿಲ್ಲ.

ಬಂದ ಬರೆಹಗಳಲ್ಲಿ ನಮಗೆ ಅತ್ಯಂತ ಮೌಲಿಕವಾಗಿ ಕಂಡದ್ದು ಭಾಷೆಯಲ್ಲಿ ತೀರ ಬಡವಾದುದು. ಕಾಗುಣಿತದ ತಪ್ಪುಗಳು ಧಾರಾಳವಾಗಿವೆ; ರೋಮಾಂಚನದ ಪ್ರಸ್ತಾಪ ಒಂದೂ ಇಲ್ಲ. ಬರೆದ ಹುಡುಗ ವೇದಿಕೆಯ ಎದುರಿನಲ್ಲಿರದೆ ಬದಿಯಲ್ಲಿ, ಒಂದು ಮನೆಯ ಜಗಲಿಯ ಬಳಿ ನಿಂತಿದ್ದ. ಜಗಲಿಯ ಮೇಲೆ ಹನೂರಿನ ಕಡೆಯ ವೃದ್ಧೆಯೊಬ್ಬರು ಕುಳಿತಿದ್ದರು. ಮಾದೇಶ್ವರನ ಪದ ಆರಂಭವಾದಾಗ ಎದುರಿನ ತರುಣರು ಮೊಬೈಲಿನ ದೀಪಗಳನ್ನು ಎತ್ತಿ ಆಡಿಸಿದರು, ಆಕೆ ಕೈಮುಗಿದರು. ಹಾಡು ನಾಲ್ಕು ನಿಮಿಷಕ್ಕೆ ನಿಂತಿತು. ಮುಗಿದ ಕೈಯನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ ಆಕೆ ಹಾಗೆಯೇ ಕುಳಿತಿದ್ದರೆಂದು ಹುಡುಗ ಬರೆದಿದ್ದಾನೆ. ತಮ್ಮ ಊರಿನಲ್ಲಿ ಹರಕೆ ಹೊತ್ತ ಮನೆಯವರು ಗುಡ್ಡರನ್ನು ಕರೆಸಿ, ಕಂಬಳಿ ಹಾಸಿ ಕೂರಿಸಿ, ಬೆಳಗಿನವರೆಗೆ ಕೇಳುತ್ತಿದ್ದರೆಂದೂ, ನಡುವೆ ಎದ್ದುಹೋಗುವುದು ಸಲ್ಲದೆಂದೂ ಆಕೆ ಹೇಳಿದರಂತೆ. ಇದೇ ಪದ ತಮಗೆ ಬೇರೆ ಧಾಟಿಯಲ್ಲಿ ಗೊತ್ತೆಂದು ಮೆಲ್ಲನೆ ಹಾಡಿಯೂ ತೋರಿಸಿದರು. ಹುಡುಗನಿಗೆ ಸ್ವರಜ್ಞಾನವಿಲ್ಲ, ಎಲ್ಲಿ ಎಳೆದರು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಅಕ್ಷರಗಳ ಮೇಲೆ ಗೆರೆ ಹಾಕಿ ಗುರುತಿಸಿದ್ದಾನೆ. ಸಂಗೀತ ವಿಭಾಗದ ಮಿತ್ರರಿಗೆ ತೋರಿಸಿದಾಗ ಅವರು ಆ ಗೆರೆಗಳನ್ನು ಬಹಳ ಹೊತ್ತು ನೋಡುತ್ತಿದ್ದರು.

ಕಂಸಾಳೆಯವರ ಹೆಸರನ್ನು ವೇದಿಕೆಯಿಂದ ಘೋಷಿಸಲಿಲ್ಲ. ಗಾಯಕಿಯ ಹೆಸರು, ಪ್ರಾಯೋಜಕರ ಹೆಸರು, ಅತಿಥಿಗಳ ಹೆಸರುಗಳನ್ನು ಮಾತ್ರ ಹಲವು ಸಲ ಕೂಗಿದರು. ಕಾರ್ಯಕ್ರಮ ಮುಗಿದ ಮೇಲೆ ಈ ಹುಡುಗ ವೇದಿಕೆಯ ಹಿಂದಕ್ಕೆ ಹೋಗಿ, ಕಂಸಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಆ ಇಬ್ಬರನ್ನು ಕಂಡು ಕೇಳಿದ್ದಾನೆ. ಇಬ್ಬರ ಹೆಸರು, ಊರು, ಹಾಡನ್ನು ಯಾರಿಂದ ಕಲಿತರು ಎಂಬುದು ಅವನ ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿವೆ. ಅವರಲ್ಲಿ ಹಿರಿಯವರಿಗೆ ಸಂಕಮ್ಮನ ಸಾಲು ಪೂರ್ತಿಯಾಗಿ ಬರುತ್ತದೆಂದೂ, ಈಚೆಗೆ ಅದನ್ನು ಪೂರ್ತಿಯಾಗಿ ಹಾಡಲು ಯಾರೂ ಕೇಳಿಲ್ಲವೆಂದೂ ಬರೆದಿದೆ. ಎಲ್ಲ ಬರೆಹಗಳನ್ನೂ ತಿದ್ದದೆ, ಬಂದ ರೂಪದಲ್ಲಿಯೇ, ವಿಭಾಗದ ಕಪಾಟಿನಲ್ಲಿ ಇರಿಸಲಾಗಿದೆ. ಆಸಕ್ತರು ಬಂದು ನೋಡಬಹುದು.